ಶೇಕ್ಸ್‌ಪಿಯರನ ಅಪ್ಪನ ತಿಪ್ಪಿ ಮತ್ತು ನಮ್ಮ ಧಾರವಾಡದ ಮನಿ

ಮಗಳ ಬಾಣಂತನಕ್ಕಂತ ಇಂಗ್ಲಂಡಿಗೆ ಬಂದು ಮೂರು ತಿಂಗಳಾತು. ಕೂಸಿಗೆ ಎಣ್ಣಿ ಹಚ್ಚಿ ಎರಿಯೂದು, ಮಗಳಿಗೆ ಅಂಟಿನುಂಡಿ ಕಟ್ಟೂದು, ಲೋಬಾನದ ಹೊಗಿ ಹಾಕಲಿಕ್ಕೆ ಹೋಗಿ ಛತ್ತಿಗೆ ಹಚ್ಚಿದ ಹೊಗಿ ಗಂಟಿ ಹೊಯ್ಕೊಳ್ಳೂಹಂಗ ಮಾಡೂದು, ಇದರಾಗ ದಿನಾ ಹೋದ್ವು. ಬರಿಯೂದು ಬಿಟ್ಟೇ ಹೋಗಿತ್ತು. ಇವತ್ತ ಕೂಸು ಮಲಗೇದ, ಬರಿಯೂ ವಿಷಯಾನೂ ಒಂದು ತಲಿಯೊಳಗ ಕೂತದ.

ಹೋದ ತಿಂಗಳ ಧಾರವಾಡದಿಂದ ತಮ್ಮನ ಫೋನು ಬಂತು. "ಅಕ್ಕಾ, ಮನಿಗೆ ಗಿರಾಕಿ ಬಂದದ. ರೇಟು ಛೊಲೋ ಕೊಡ್ತಾನ. ನಿನ್ನ ಸಹಿ ಬೇಕಾಗ್ತದ, ಕಾಗದಾ ಕಳಸ್ತೀನಿ" ಅಂದ. ನಾ "ಹೂಂ" ಅಂದೆ. ಮತ್ತೇನು ಅನ್ನಲಿ? ನಾವಂತೂ ಯಾರೂ ಅಲ್ಲಿ ಇರೂದಿಲ್ಲ. ತಮ್ಮ ಹುಬ್ಬಳ್ಳ್ಯಾಗ ಫ್ಲ್ಯಾಟಿನ್ಯಾಗ ಇದ್ದಾನ. ಮಳಿಗಾಲ ಬಂದ್ರ ಮ್ಯಾಳಗಿ ಸೋರತದ, ರಿಪೇರಿ ಮಾಡಿಸಿ ಮಾಡಿಸಿ ಅವಂಗೂ ಸಾಕಾಗೇದ. ಮನ್ಯಾಗ ಇರೂದು ಈಗ ಒಬ್ಬಾಕೀನೇ, ನಮ್ಮ ಅತ್ಯಾ. ಅಪ್ಪನ ತಂಗಿ. ಇಪ್ಪತ್ತೆರಡನೇ ವರ್ಷಕ್ಕ ಗಂಡನ್ನ ಕಳಕೊಂಡು ತವರಿಗೆ ಬಂದಾಕಿ, ಈಗ ಎಂಬತ್ತೊಂದು. "ಅತ್ಯಾ ಎಲ್ಲಿ ಹೋಗಬೇಕೋ?" ಅಂತ ಕೇಳಿದೆ. "ನನ್ನ ಕಡೆ ಬರಲಿ, ಇಲ್ಲಾಂದ್ರ ಒಂದು ಛೊಲೋ ಆಶ್ರಮಾ ನೋಡಿದ್ರಾತು" ಅಂದ. ಅವಾ ಕೆಟ್ಟವ ಅಲ್ಲ. ಆದ್ರ ಆ ರಾತ್ರಿ ನನಗ ನಿದ್ದಿ ಬರಲಿಲ್ಲ.

ಅದರ ಮುಂದಿನ ಆಯಿತವಾರ ಅಳಿಯ ನಮ್ಮನ್ನೆಲ್ಲ ಕಾರಿನ್ಯಾಗ ಕೂಡಿಸಿಕೊಂಡು ಸ್ಟ್ರಾಟ್‌ಫರ್ಡ್‌ಗೆ ಕರಕೊಂಡು ಹೋದ್ರು. ಏವನ್ ಹೊಳಿ ದಂಡಿ ಮ್ಯಾಲಿನ ಊರು, ಶೇಕ್ಸ್‌ಪಿಯರ್ ಹುಟ್ಟಿದ ಊರು. "ಅವ್ವಾ, ಕಾಲೇಜಿನ್ಯಾಗ ಮ್ಯಾಕ್‌ಬೆತ್ ಓದಿ ಅಳತಿದ್ದೆ ಅಂತಿದ್ದೆಲ್ಲ, ಅವನ ಮನಿ ನೋಡು ಬಾ" ಅಂದಳು ಮಗಳು. ಅತ್ತದ್ದು ಮ್ಯಾಕ್‌ಬೆತ್ ಸಲವಾಗಿ ಅಲ್ಲ, ಪರೀಕ್ಷಾ ಸಲವಾಗಿ. ಆದ್ರೂ ಹೋದೆ.

ಹೆನ್ಲಿ ಸ್ಟ್ರೀಟ್ ಅಂತ ಒಂದು ಬೀದಿ. ಈಗ ಅಲ್ಲಿ ಗಾಡಿ ಬಿಡೂದಿಲ್ಲ. ಎರಡೂ ಕಡೆ ಚಹಾದ ಅಂಗಡಿ, ಆಟಿಗಿ ಅಂಗಡಿ. ನಡುವ ಉದ್ದಕ ಮಲಗಿದಂಥಾ ಒಂದು ಮನಿ. ಅರಮನಿ ಅಲ್ಲ, ವಾಡೇನೂ ಅಲ್ಲ. ನಮ್ಮ ಓಣಿಯೊಳಗಿನ ಒಂದು ನಾಕು ಖಣದ ಮನಿ ಇದ್ಧಂಗ. ಕೆಳಗ ಕಲ್ಲಿನ ಪಾಯಾ, ಮ್ಯಾಲೆ ಓಕ್ ಕಟಗಿಯ ಕಂಬ, ಅಡ್ಡ ತೊಲಿ, ನಡುನಡುವ ಮಣ್ಣಿನ ಗ್ವಾಡಿ. ಕಂಬ ತೊಲಿ ಎಲ್ಲಾ ಹೊರಗಿಂದನ ಕಾಣತಾವ, ಮೈಮ್ಯಾಲಿನ ಎಲುಬು ಎಣಿಸೂಹಂಗ. ಒಳಗ ಕಾಲಿಟ್ಟು ತಲಿ ಎತ್ತಿ ಜಂತಿ ನೋಡಿದೆ ನೋಡ್ರಿ, ಎದಿ ಝಲ್ ಅಂತು. ನಮ್ಮ ಪಡಸಾಲಿಯೊಳಗ ಅಂಗಾತ ಮಲಗಿ ಜಂತಿ ಎಣಿಸಿದ್ದೆಲ್ಲಾ ನೆನಪಾತು.

ಈ ಮನಿ ಹ್ಯಾಂಗ ನಿಂತದ ಅನ್ನೂದು ಮೊದಲ ಹೇಳ್ತೀನಿ, ಯಾಕಂದ್ರ ಅದರಾಗ ನಮ್ಮ ಬಡಿಗ್ಯಾರಿಗೂ ಅವರ ಬಡಿಗ್ಯಾರಿಗೂ ಭಾಳ ಫರಕಿಲ್ಲ. ನಮ್ಮ ಅಪ್ಪ ಒಂದು ಮಾತು ಹೇಳ್ತಿದ್ದ: "ಗ್ವಾಡಿ ಬಿದ್ರ ಬೀಳಲಿ, ಕಂಬ ನಿಂತಿರತಾವ." ನಮ್ಮ ಮನ್ಯಾಗ ಪಡಸಾಲಿಗೆ ಆರು ಸಾಗವಾನಿ ಕಂಬ. ಕಂಬದ ಮ್ಯಾಲೆ ಬೋದಿಗಿ, ಬೋದಿಗಿ ಮ್ಯಾಲೆ ತೊಲಿ, ತೊಲಿ ಮ್ಯಾಲೆ ಜಂತಿ, ಜಂತಿ ಮ್ಯಾಲೆ ಹಲಗಿ, ಅದರ ಮ್ಯಾಲೆ ಮೊಣಕಾಲುದ್ದ ಮಣ್ಣು. ಅಷ್ಟೂ ಭಾರಾ ಕಂಬದ ಮ್ಯಾಲೆ. ಗ್ವಾಡಿ ಬರೇ ಮರಿಗೆ, ಗಾಳಿಗೆ, ಕಳ್ಳರಿಗೆ. ಹೆನ್ಲಿ ಬೀದಿಯ ಮನಿಯ ಲೆಕ್ಕಾನೂ ಇದ. ಅಲ್ಲಿ ಮಣ್ಣಿನ ಮ್ಯಾಳಗಿ ಇಲ್ಲ, ಮಳಿ ಹಿಮ ಎರಡೂ ಜಾರಿ ಹೋಗೂಹಂಗ ಇಳಿಜಾರು ಮಾಡು, ಅಷ್ಟ ವ್ಯತ್ಯಾಸ.

ಇಂಗ್ಲಂಡಿನ ಹಳೇ ಬಡಿಗ್ಯಾರು ಓಕ್ ಕಟಗಿ ಹಸೀದಿದ್ದಾಗನ ಕೊರೀತಿದ್ರು. ಒಣಗಿದ ಓಕ್ ಕಬ್ಬಿಣದ ಹಂಗ, ಉಳಿ ಏಳೂದಿಲ್ಲ. ಒಂದು ಕಟಗಿಗೆ ತೂತು, ಇನ್ನೊಂದಕ್ಕ ಅದಕ್ಕ ಸರಿಯಾಗಿ ನಾಲಿಗಿ, ಎರಡೂ ಕೂಡಿಸಿ ಅಡ್ಡ ಒಂದು ಕಟಗಿ ಗೂಟ ಹೊಡದ್ರ ಮುಗೀತು. ಮಳಿ ಹೊಡಿಯೂದಿಲ್ಲ. ಮಳಿ ಅಂದ್ರ ಮಳಿ ಅಲ್ಲ, ಮೊಳಿ. ಮುಂದ ಕಟಗಿ ಒಣಗಿ ಸೆಟದಂಗೆಲ್ಲಾ ಕೀಲು ಬಿಗಿ ಆಗ್ತಾವ. ಅದಕ್ಕ ಈ ಮನಿಗಳು ಸೊಟ್ಟ ಕಾಣತಾವ, ಆದ್ರ ಬೀಳೂದಿಲ್ಲ. ಚೌಕಟ್ಟನ್ನ ಮೊದಲ ನೆಲದ ಮ್ಯಾಲೆ ಕೂಡಿಸಿ ನೋಡಿ, ಯಾವ ಕಟಗಿ ಯಾವುದಕ್ಕ ಅಂತ ಉಳೀಲೇ ಗೀಟು ಹಾಕಿ ನಂಬರು ಕೊಟ್ಟು, ಬಿಚ್ಚಿ, ಜಾಗಾಕ್ಕ ತಂದು ಎತ್ತಿ ನಿಲ್ಲಸ್ತಿದ್ರು. ನಮ್ಮ ಅಟ್ಟದಾಗಿನ ಜಂತಿಗೂ ಅಂಥವ ಗೀಟು ಅವ. ಸಣ್ಣಾಕಿದ್ದಾಗ ಅದು ಯಾವುದೋ ದೆವ್ವದ ಲೆಕ್ಕ ಅಂತ ಹೆದರತಿದ್ದೆ.

ಇನ್ನ ಗ್ವಾಡಿ. ಕಂಬದ ನಡುವ ಗೂಟ ನಿಲ್ಲಿಸಿ, ಬಳಕೂ ಕಡ್ಡಿ ಹೆಣದು ತಡಿಕಿ ಮಾಡಿ, ಅದಕ್ಕ ಮಣ್ಣು, ಹುಲ್ಲು, ಸಗಣಿ ಕಲಿಸಿ ಎರಡೂ ಕಡೆಯಿಂದ ಮೆತ್ತಿ, ಮ್ಯಾಲೆ ಸುಣ್ಣಾ ಬಳದ್ರ ಗ್ವಾಡಿ ಆತು. ಸಗಣಿ ಅಂತ ಓದಿದ ಕೂಡಲೆ ನಾ ಮಗಳ ಕಡೆ ನೋಡಿ ನಕ್ಕೆ. ಧಾರವಾಡದ ಮನಿಗೆ ಬಂದಾಗೆಲ್ಲಾ "ಅವ್ವಾ, ಸಗಣಿ ವಾಸನಿ" ಅಂತ ಮೂಗು ಮುಚ್ಚತಿದ್ದಾಕಿ, ಇಲ್ಲಿ ಟಿಕೀಟು ತಗಿಸಿ ಸಗಣಿ ಗ್ವಾಡಿ ತೋರಸ್ಲಿಕತ್ತಾಳ. ಇನ್ನೊಂದು ಮಾತು. ಕರೀ ಕಟಗಿ, ಬಿಳೀ ಗ್ವಾಡಿ ಅಂತ ಕ್ಯಾಲೆಂಡರಿನ್ಯಾಗ ಕಾಣೂ ಇಂಗ್ಲಂಡಿನ ಮನಿಗಳ ಬಣ್ಣ ಭಾಳ ಕಡೆ ರಾಣಿ ವಿಕ್ಟೋರಿಯಾ ಕಾಲದ ಷೋಕಿ. ಮೊದಲಿನವರು ಓಕ್ ಕಟಗಿಗೆ ಡಾಂಬರು ಬಳೀದನ ಬಿಡತಿದ್ರು, ಅದು ತಾನ ಬೂದಿಬಣ್ಣಕ್ಕ ತಿರಗತಿತ್ತು. ಈ ಮನೀನೂ ಹಂಗ ಬೂದಿ ಬಣ್ಣದ್ದು.

ಈಗ ಮನಿಯ ಕಥಿ. ಅದು ಶುರು ಆಗೂದು ಮಗನ ನಾಟಕದಿಂದ ಅಲ್ಲ, ಅಪ್ಪನ ತಿಪ್ಪಿಯಿಂದ.

ಜಾನ್ ಶೇಕ್ಸ್‌ಪಿಯರ್ ಹತ್ತರದ ಸ್ನಿಟರ್‌ಫೀಲ್ಡ್ ಅನ್ನೂ ಹಳ್ಳಿಯ ಒಕ್ಕಲಿಗರ ಮಗ. ಪ್ಯಾಟಿಗೆ ಬಂದು ಚರ್ಮಾ ಹದಾ ಮಾಡಿ ಕೈಗವಸು ಹೊಲಿಯೂ ಕಸಬು ಹಿಡದ. 1552ರ ಏಪ್ರಿಲ್‌ನ್ಯಾಗ ಹೆನ್ಲಿ ಬೀದಿಯೊಳಗ ಅಪ್ಪಣಿ ಇಲ್ಲದ ತಿಪ್ಪಿ ಹಾಕಿದ್ದಕ್ಕ ಅವಂಗೂ, ಇನ್ನಿಬ್ಬರಿಗೂ ಊರಿನವರು ತಲಾ ಹನ್ನೆರಡು ಪೆನ್ನಿ ದಂಡಾ ಹಾಕಿದ್ರು. ಅವಾ ಆ ಬೀದ್ಯಾಗ ಇದ್ದ ಅನ್ನೂದಕ್ಕ ಸಿಗೂ ಮೊದಲನೇ ದಾಖಲಿ ಇದ. ಜಗತ್ತಿನ ಅಷ್ಟು ದೊಡ್ಡ ಕವಿಯ ಮನಿ ಇತಿಹಾಸ ತಿಪ್ಪಿಯಿಂದ ಶುರು ಆಗ್ತದ. ಹಿತ್ತಲದಾಗ ತಿಪ್ಪಿ ಸಲವಾಗಿ ನಮ್ಮಜ್ಜಿ ಬಾಜೂ ಮನಿಯವರ ಜೋಡಿ ಜಗಳಾ ಆಡಿದ್ದು ನೆನಪಾಗಿ ಭಾಳ ಸಮಾಧಾನ ಆತು ನನಗ.

1556ರಾಗ ಜಾನ್ ಆ ಬೀದಿಯೊಳಗ ಒಂದು ಮನಿ ಖರೀದಿ ಮಾಡಿದ. 1575ರಾಗ 40 ಪೌಂಡ್ ಕೊಟ್ಟು ಇನ್ನೆರಡು ಮನಿ ತೊಗೊಂಡ. ಮೇರಿ ಆರ್ಡೆನ್ ಅನ್ನಾಕಿನ್ನ ಮದಿವಿ ಆದ, ಎಂಟು ಮಕ್ಕಳಾದ್ವು. ಮೊದಲಿನ ಎರಡೂ ಹೆಣ್ಣು ಕೂಸು ಸಣ್ಣವಿದ್ದಾಗನ ಹೋದ್ವು. ಮೂರನೇದ್ದು ವಿಲಿಯಂ. 1564ರ ಏಪ್ರಿಲ್ 26ಕ್ಕ ಊರಿನ ಚರ್ಚಿನ್ಯಾಗ ಅವಂಗ ಬ್ಯಾಪ್ಟಿಸಂ ಆತು ಅಂತ ದಾಖಲಿ ಅದ. ಅದ ವರ್ಷ ಬ್ಯಾಸಗಿಯೊಳಗ ಊರಿಗೆ ಪ್ಲೇಗು ಬಂತು. ನಮ್ಮ ಕಡೆ ಪ್ಲೇಗಿನ ಕಥಿ ಕೇಳಿ ಬೆಳದವರಿಗೆ ಇದು ತಿಳೀತದ. ನಮ್ಮ ಮುತ್ತಜ್ಜನ ಕಾಲಕ್ಕ ಊರ ಬಿಟ್ಟು ಹೊಲದಾಗ ಗುಡಸಲಾ ಹಾಕ್ಕೊಂಡಿದ್ರಂತ. ಮೂರು ತಿಂಗಳ ಕೂಸನ್ನ ತೊಡಿಮ್ಯಾಲೆ ಹಾಕ್ಕೊಂಡು, ಬಾಗಲಾ ಹಾಕ್ಕೊಂಡು ಕೂತ ಆ ಮೇರಿಯನ್ನ ನೆನಿಸಿದೆ. ನನ್ನ ಮೊಮ್ಮಗನೂ ಆಗ ಮೂರು ತಿಂಗಳವನ ಇದ್ದ, ಅಳಿಯನ ಹೆಗಲ ಮ್ಯಾಲೆ ಮಲಗಿದ್ದ.

ಮನಿಯೊಳಗಿನ ಏರ್ಪಾಡು ಹಿಂಗದ. ಒಂದು ಕಡೆ ಪಾರ್ಲರ್, ಅಂದ್ರ ಬಂದವರು ಕೂಡೂ ಕೋಣಿ, ಅದರಾಗ ಒಲಿ, ಒಂದು ಮಂಚಾನೂ ಅಲ್ಲೇ. ಅದರ ಬಾಜೂ ಹಾಲ್, ಅದು ಅಡಗಿ, ಊಟ, ಮಂದಿ, ಎಲ್ಲಾದಕ್ಕೂ. ನೆಲಕ್ಕ ಕಲ್ಲು ಹಾಸ್ಯಾರ, ತುಳದು ತುಳದು ಒಡದಾವ. ಆಮ್ಯಾಲೆ ಮುಂದಿನಿಂದ ಹಿಂದಿನ ತನಕಾ ಒಂದು ಓಣಿಯಂಥಾ ದಾರಿ, ಅದರ ಆಚೆ ಜಾನನ ಕೆಲಸದ ಕೋಣಿ. ಕಿಡಕಿ ಬೀದಿಗೆ ಅದ, ಅಲ್ಲಿಂದನ ಮಾರಾಟ. ಮ್ಯಾಲೆ ಮಲಗೂ ಕೋಣಿಗಳು. ಈಗ ಅಲ್ಲಿ ಕೈಗವಸು, ಕತ್ತರಿ, ಚರ್ಮಾ ಎಲ್ಲಾ ಇಟ್ಟು ಆ ಕಾಲದ ಹಂಗ ಸಜ್ಜು ಮಾಡ್ಯಾರ. ಚರ್ಮಾಕ್ಕ ಪಟಿಕ, ಉಪ್ಪು, ತತ್ತಿ ಹಳದಿ ಹಚ್ಚಿ ಹದಾ ಮಾಡತಿದ್ರು. ಮನಿ ತುಂಬ ಏನು ವಾಸನಿ ಇದ್ದಿರಬೇಕು! ಅಂದ್ರ ಇದು ಶುರುವಿನಿಂದನೂ ಬರೇ ಮನಿ ಅಲ್ಲ. ಮನಿ, ಅಂಗಡಿ, ಕಾರಖಾನಿ ಮೂರೂ. ಉಣ್ಣಿ ವ್ಯಾಪಾರಾನೂ ನಡೀತಿತ್ತು.

ಜಾನ್ ಏರಿದ, ಇಳದ. 1568ರಾಗ ಊರಿಗೆ ಬೇಲಿಫ್ ಆದ, ಅಂದ್ರ ನಮ್ಮಲ್ಲಿ ನಗರಸಭಾ ಅಧ್ಯಕ್ಷ ಇದ್ಧಂಗ. ತಿಪ್ಪಿಗೆ ದಂಡಾ ಹಾಕಿಸಿಕೊಂಡವನ ಊರಿನ ಹಿರ್ಯಾ ಆದ. ಮುಂದ ಹತ್ತು ವರ್ಷದಾಗ ಕೈ ಬಿಗಿ ಆತು, ಹೆಂಡತಿ ಕಡೆಯಿಂದ ಬಂದ ಹೊಲಾ ಒತ್ತಿ ಇಟ್ಟ. ಈ ಮನಿ ಮಾತ್ರ ಉಳಕೊಂತು. 1601ರಾಗ ಅವಾ ತೀರಿಕೊಂಡಾಗ ಮನಿ ಹಿರೀ ಮಗ ವಿಲಿಯಂಗ ಬಂತು.

ಈಗ ನೋಡ್ರಿ, ನನಗ ತಟ್ಟಿದ್ದು ಇಲ್ಲಿಂದ ಮುಂದಿನ ಕಥಿ. ವಿಲಿಯಂಗ ಆ ಮನಿ ಬೇಕಾಗಿದ್ದಿಲ್ಲ. ಲಂಡನ್ನಿನ್ಯಾಗ ನಾಟಕದಿಂದ ರೊಕ್ಕಾ ಗಳಿಸಿ 1597ರಾಗನ ಅದ ಊರಾಗ ನ್ಯೂ ಪ್ಲೇಸ್ ಅನ್ನೂ ದೊಡ್ಡ ಮನಿ ತೊಗೊಂಡಿದ್ದ. ಅಪ್ಪನ ಮನಿ ಹಳೇದು, ಸಣ್ಣದು. ನಮ್ಮ ತಮ್ಮನ ಪರಿಸ್ಥಿತೀನ. ಅವಾ ಏನು ಮಾಡಿದ? ಮಾರಲಿಲ್ಲ. ಪೂರ್ವದ ಕಡೆ ಭಾಗಾ ಬಾಡಿಗಿಗೆ ಕೊಟ್ಟ. ಬಾಡಿಗಿ ಹಿಡದವಾ ಅದನ್ನ ಖಾನಾವಳಿಯಂಥಾ ಇನ್ ಮಾಡಿದ, ಇಳಕೊಳ್ಳಲಿಕ್ಕೆ, ಕುಡೀಲಿಕ್ಕೆ. ಅದರ ಹೆಸರು ಮೇಡನ್‌ಹೆಡ್, ಮುಂದ ಸ್ವಾನ್ ಅಂಡ್ ಮೇಡನ್‌ಹೆಡ್ ಆತು. ಪಶ್ಚಿಮದ ಕಡೆ ಭಾಗದಾಗ ಅವನ ತಂಗಿ ಇದ್ದಳು. ಹೆಸರು ಜೋನ್. ಗಂಡ ವಿಲಿಯಂ ಹಾರ್ಟ್, ಟೊಪಿಗಿ ಮಾಡಾವಾ, ಭಾಳ ಗಳಿಸಿದವಾ ಅಲ್ಲ.

1616ರ ಏಪ್ರಿಲ್ ತಿಂಗಳ ಆ ಹೆಣ್ಣುಮಗಳಿಗೆ ಎಂಥಾದ್ದು ಬಂತು ಅಂದ್ರ, 17ಕ್ಕ ಗಂಡನ್ನ ಮಣ್ಣು ಮಾಡಿದ್ರು, 23ಕ್ಕ ಅಣ್ಣ ತೀರಿಕೊಂಡ. ಒಂದು ವಾರದಾಗ ಎರಡು. ಮೂರು ಗಂಡು ಮಕ್ಕಳು ಕೈಯಾಗ. ಆದ್ರ ಅಣ್ಣ ಅದರ ಮೊದಲನ ಮೃತ್ಯುಪತ್ರಾ ಬರಿಸಿದ್ದ. ಅದರಾಗ ತಂಗಿಗೆ 20 ಪೌಂಡ್, ತನ್ನ ಅರಿವಿ ಎಲ್ಲಾ, ಮತ್ತ ಆ ಮನಿಯೊಳಗ ಆಕಿ ಜೀವ ಇರೂ ತನಕಾ ಇರೂ ಹಕ್ಕು. ಬಾಡಿಗಿ? ವರ್ಷಕ್ಕ ಹನ್ನೆರಡು ಪೆನ್ನಿ.

ಆ ಹಲಗಿ ಮುಂದ ನಾ ಭಾಳ ಹೊತ್ತು ನಿಂತೆ. ಅಪ್ಪಗ ತಿಪ್ಪಿ ಸಲವಾಗಿ ಒಂದು ಸಲ ಬಿದ್ದ ದಂಡಾ ಎಷ್ಟೋ, ಮಗಳಿಗೆ ಮನಿ ಸಲವಾಗಿ ವರ್ಷದ ಬಾಡಿಗಿ ಅಷ್ಟ. ಹನ್ನೆರಡು ಪೆನ್ನಿ ಬಾಡಿಗಿ ಅಂದ್ರ ಬಾಡಿಗಿ ಅಲ್ಲ. ಅದು ಕಾಗದದ ಮ್ಯಾಲೆ ಒಂದು ಮಾತು: ಈಕಿ ಪುಕ್ಕಟೆ ಬಿದ್ದಾಕಿ ಅಲ್ಲ, ಬಾಡಿಗಿ ಕೊಟ್ಟು ಇರೂ ಹಕ್ಕಿನಾಕಿ, ಈಕಿನ್ನ ಯಾರೂ ಹೊರಗ ಹಾಕೂಹಂಗಿಲ್ಲ. ಜೋನ್ ಮುಂದ ಮೂವತ್ತು ವರ್ಷ ಬದುಕಿದಳು, 1646ರ ತನಕಾ. ಆ ಮನ್ಯಾಗನ ಇದ್ದಳು.

ನಮ್ಮಪ್ಪಾನೂ ತಂಗಿಗೆ ಹೇಳಿದ್ದ. ನನಗ ಛೊಲೋ ನೆನಪದ, ಅವಾ ಹಾಸಿಗಿ ಹಿಡದಾಗ ಅತ್ಯಾ ಗಂಜಿ ತೊಗೊಂಡು ಬಂದಿದ್ಲು. "ನೀ ಇರೂ ತನಕಾ ಈ ಮನಿ ನಿಂದು, ಯಾರೂ ಏನೂ ಅನ್ನೂಹಂಗಿಲ್ಲ" ಅಂದ. ನಾನೂ ಇದ್ದೆ, ತಮ್ಮನೂ ಇದ್ದ. ಆದ್ರ ಅಪ್ಪ ಬಾಯಿಲೇ ಹೇಳಿದ, ಬರದಿಡಲಿಲ್ಲ. ಮನಿಮಂದಿ ನಡುವ ಎಂಥಾ ಕಾಗದಾ ಅಂತ ಅಂದುಕೊಂಡಿರಬೇಕು.

ಈಗ ಉಳದ ಕಥಿ ಕೇಳ್ರಿ. ಮನಿ ವಿಲಿಯಂನ ಹಿರೀ ಮಗಳು ಸುಸಾನಾಗ, ಆಕಿಯಿಂದ ಆಕಿ ಮಗಳು ಎಲಿಜಬೆತ್‌ಗ ಬಂತು. ಎಲಿಜಬೆತ್‌ಗ ಮಕ್ಕಳಿಲ್ಲ. ಆಕಿ 1670ರಾಗ ತೀರಿಕೊಂಡಳು, ಅಲ್ಲಿಗೆ ಶೇಕ್ಸ್‌ಪಿಯರನ ಸ್ವಂತ ವಂಶಾನ ಮುಗೀತು. ಆಕಿ ಈ ಮನಿ ಯಾರಿಗೆ ಬಿಟ್ಟಳು ಅಂದ್ರ, ಜೋನಳ ಮೊಮ್ಮಗಗ. ಹಾರ್ಟ್ ಮನೆತನದವರು 1806ರ ತನಕಾ ಆ ಮನಿ ಹಿಡಕೊಂಡಿದ್ರು. ಅಂದ್ರ ಅಣ್ಣನ ಮನಿ ಉಳಿಸಿದ್ದು ತಂಗಿಯ ಸಂತಾನ. ಕವಿಯ ಸ್ವಂತ ದೊಡ್ಡ ಮನಿ ನ್ಯೂ ಪ್ಲೇಸ್ ಏನಾತು ಗೊತ್ತದೇನು? ಅದರ ಆಮ್ಯಾಲಿನ ಮಾಲಕ ಒಬ್ಬ ಪಾದ್ರಿ, ಬಂದು ಬಂದು ನೋಡೂ ಮಂದಿ ಕಾಟಕ್ಕ, ಕರದ ಜಗಳಕ್ಕ ಸಿಟ್ಟಿಗೆದ್ದು 1759ರಾಗ ಕೆಡವಿಸೇ ಬಿಟ್ಟ. ಈಗ ಅಲ್ಲಿ ತ್ವಾಟ ಅದ, ಮನಿ ಇಲ್ಲ.

ನಡುವ ಬೆಂಕಿ. ಸ್ಟ್ರಾಟ್‌ಫರ್ಡ್‌ನ್ಯಾಗ 1594, 1595, 1614, ಮೂರು ಸಲ ದೊಡ್ಡ ಬೆಂಕಿ ಬಿತ್ತು. 1614ರಾಗ 54 ಮನಿ ಸುಟ್ಟವು. ಕಟಗಿ ಮನಿ, ಹುಲ್ಲಿನ ಮಾಡು, ಸಾಲಾಗಿ ಹಚ್ಚಿ ಕಟ್ಟಿದ್ದು, ಒಂದಕ್ಕ ಹತ್ತಿದ್ರ ಓಣಿಗೇ ಹತ್ತತಿತ್ತು. ಈ ಮನಿ ಮೂರೂ ಸಲ ಉಳೀತು.

ಹಾರ್ಟ್ ಮಂದಿ ಶ್ರೀಮಂತರಲ್ಲ. ಅವರ ಕಾಲದಾಗ ಮುಂದಿನ ಕೋಣಿ ಕಸಾಯಿ ಅಂಗಡಿ ಆತು. ಶೇಕ್ಸ್‌ಪಿಯರ್ ಹುಟ್ಟಿದ ಕೋಣಿ ಅಂತ ಮಂದಿ ನಂಬಿದ ಕೋಣಿಯ ಕೆಳಗನ ಮಾಂಸ ತೂಗಿ ಹಾಕತಿದ್ರು. ಆಚೆ ಭಾಗದಾಗ ಇನ್ ನಡದ ಇತ್ತು. 1806ರಾಗ ಥಾಮಸ್ ಕೋರ್ಟ್ ಅನ್ನೂ ಕಸಾಯಿಯವನ ಎಲ್ಲಾ ಖರೀದಿ ಮಾಡಿದ, ಇನ್ನೂ ಅವನ ನಡಿಸಿದ. ಇನ್ ಇದ್ದ ಕಡೆ ಕಟಗಿ ಮುಖ ಮುಚ್ಚಿ ಇಟ್ಟಂಗಿ ಕಟ್ಟಿದ್ರು, ಆಗ ಇಟ್ಟಂಗಿ ಹೊಸಾ ಷೋಕಿ. ನಮ್ಮ ಓಣ್ಯಾಗ ಕಟ್ಟಿ ಒಡದು ಗ್ರಾನೈಟು ಬಡದಂಗ.

ಆ ಹೊತ್ತಿಗಾಗಲೇ ನೋಡೂ ಮಂದಿ ಬರಲಿಕ್ಕೆ ಹತ್ತಿದ್ರು. 1769ರಾಗ ಗ್ಯಾರಿಕ್ ಅನ್ನೂ ದೊಡ್ಡ ನಟ ಊರಾಗ ಜಾತ್ರಿಯಂಥಾ ಉತ್ಸವಾ ಮಾಡಿದ. 1786ರಾಗ ಅಮೇರಿಕಾದ ಜಾನ್ ಆಡಮ್ಸ್, ಥಾಮಸ್ ಜೆಫರ್ಸನ್ ಇಬ್ಬರೂ ಕೂಡಿ ಬಂದಿದ್ರು. ಮುಂದ ಇಬ್ಬರೂ ಅಧ್ಯಕ್ಷರಾದವರು. ಕವಿ ಕೂಡತಿದ್ದ ಅನ್ನೂ ಕುರ್ಚಿಯಿಂದ ಪದ್ಧತಿ ಪ್ರಕಾರ ಒಂದು ಚಕ್ಕಿ ಕಟಗಿ ಕೆತ್ತಿಕೊಂಡು ಹೋದ್ರಂತ, ಆಡಮ್ಸ್‌ನ ಬರದಾನ. ನಮ್ಮ ಮಂದಿ ಗುಡಿ ಗ್ವಾಡಿ ಮ್ಯಾಲೆ ಹೆಸರು ಕೆತ್ತತಾರ ಅಂತ ಬಯ್ತೀವಿ. ಇಲ್ಲಿ ಕಿಡಕಿ ಗಾಜಿನ ಮ್ಯಾಲೆ ವಜ್ರದ ಉಂಗರದಿಂದ ಗೀರಿ ಹೆಸರು ಬರದವರೊಳಗ ವಾಲ್ಟರ್ ಸ್ಕಾಟ್, ಕಾರ್ಲೈಲ್ ಎಲ್ಲಾ ಇದ್ದಾರ! ಆ ಕಿಡಕೀನ ಈಗ ಬ್ಯಾರೆ ತಗದು ತೋರಸಲಿಕ್ಕೆ ಇಟ್ಟಾರ. ಮನಿ ತೋರಿಸೂ ಕೆಲಸಾ ಮೇರಿ ಹಾರ್ನ್‌ಬಿ ಅನ್ನೂ ಬಾಡಿಗಿ ಹೆಣ್ಣುಮಗಳು ಮಾಡತಿದ್ಲು. 1820ರಾಗ ಆಕಿನ್ನ ಬಿಡಿಸಿದ್ದಕ್ಕ ಸಿಟ್ಟಿಗೆದ್ದು, ಗ್ವಾಡಿ ಮ್ಯಾಲಿನ ಹೆಸರೆಲ್ಲಾ ಮುಚ್ಚೂಹಂಗ ಸುಣ್ಣಾ ಬಳದು ಹೋದಳಂತ. ತಪ್ಪು ಅಂತೀರೇನು? ಇಷ್ಟು ವರ್ಷ ಬಳದು ಸಾರಿಸಿದ ಮನಿ ಬಿಡು ಅಂದ್ರ ಹೆಣ್ಣಮಕ್ಕಳ ಹೊಟ್ಟಿ ಉರೀತದ.

ಕೋರ್ಟ್‌ನ ಹೆಂಡತಿ 1846ರಾಗ ತೀರಿಕೊಂಡಳು. 1847ರ ಸೆಪ್ಟೆಂಬರ್ 16ಕ್ಕ ಲಂಡನ್ನಿನ್ಯಾಗ ಮನಿ ಲಿಲಾವಕ್ಕ ಬಂತು. ತಮಾಷಾ ತೋರಿಸಿ ರೊಕ್ಕಾ ಗಳಿಸೂ ಅಮೇರಿಕಾದ ಪಿ. ಟಿ. ಬಾರ್ನಮ್ ಅದರ ಮ್ಯಾಲೆ ಕಣ್ಣು ಹಾಕಿದ್ದ, ಬಿಚ್ಚಿ ಹಡಗಿನ್ಯಾಗ ಒಯ್ಯೂ ವಿಚಾರ. ಕಟಗಿ ಮನಿ ನೋಡ್ರಿ, ಬಿಚ್ಚಿ ಜೋಡಸಲಿಕ್ಕೆ ಬರತದ, ಅದ ಅದರ ಗುಣಾ, ಅದ ಅದರ ಕುತ್ತು. ಈ ಮಾತು ಓದಿದಾಗ ನನಗ ತಮ್ಮ ಹೇಳಿದ್ದು ಕಿವ್ಯಾಗ ಬಂತು: "ಗಿರಾಕಿಗೆ ಬೇಕಾಗಿದ್ದು ಜಾಗಾ ಅಕ್ಕಾ. ಕಂಬಾ ಬಾಗಲಾ ಅವಾ ಬ್ಯಾರೇದವರಿಗೆ ಕೊಡ್ತಾನ. ಹಳೇ ಸಾಗವಾನಿಗೆ ರಿಸಾರ್ಟಿನವರು ಮುಗಿ ಬೀಳ್ತಾರ." ಸ್ಟ್ರಾಟ್‌ಫರ್ಡಿನವರು, ಲಂಡನ್ನಿನವರು ಕಮಿಟಿ ಮಾಡಿ ವಂತಿಗಿ ಎತ್ತಿದ್ರು. ಚಾರ್ಲ್ಸ್ ಡಿಕನ್ಸ್‌ನೂ ಕೈ ಹಚ್ಚಿದ. 3,000 ಪೌಂಡಿಗೆ ಮನಿ ಊರಿಗೇ ಉಳೀತು.

ಆಮ್ಯಾಲೆ 1857ರಿಂದ 1864ರ ತನಕಾ ರಿಪೇರಿ. ಬೆಂಕಿ ಹೆದರಿಕಿಗೆ ಎರಡೂ ಬಾಜೂಕ ಹತ್ತಿದ ಮನಿಗಳನ್ನ ಕೆಡವಿದ್ರು. ಅದಕ್ಕ ಈಗ ಅದು ಒಂಟಿ ಮನಿ ಕಾಣತದ. ಮೊದಲ ಹಂಗಿರಲಿಲ್ಲ, ಸಾಲಿನ್ಯಾಗ ಒಂದಿತ್ತು. ಇಟ್ಟಂಗಿ ತಗದ್ರು. ಮಾಡಿನ ಮ್ಯಾಲಿನ ಸಣ್ಣ ಕಿಡಕಿಗಳು ನಡುವ ಯಾವಾಗೋ ಹೋಗಿದ್ವು, 1769ರ ಒಂದು ಚಿತ್ರ ನೋಡಿ ಮತ್ತ ಕೂಡಿಸಿದ್ರು. ಅಂದ್ರ ನಾವು ಇವತ್ತ ಫೋಟೋ ಹೊಡಿಯೂ ಮುಖದಾಗ ಒಂದಿಷ್ಟು ಹದಿನಾರನೇ ಶತಮಾನ, ಒಂದಿಷ್ಟು ಹತ್ತೊಂಬತ್ತನೇದ್ದು. ನನಗೇನು ಅದರಿಂದ ಬ್ಯಾಸರ ಆಗಲಿಲ್ಲ. ನಮ್ಮ ಮನಿಯ ಆರು ಕಂಬದಾಗ ಒಂದನ್ನ ಗೆದ್ದಲಿ ತಿಂದಾಗ ಅಪ್ಪ ಹೊಸಾದು ಹಾಕಿಸಿದ್ದ. ಅದಕ್ಕ ಅದು ಬ್ಯಾರೆ ಮನಿ ಆತೇನು? 1891ರಾಗ ಪಾರ್ಲಿಮೆಂಟಿನ ಕಾಯದೆಯಿಂದ ಒಂದು ಟ್ರಸ್ಟ್ ಆತು, ಅವತ್ತಿನಿಂದ ಅವರದ ಉಸ್ತುವಾರಿ.

ಹಿತ್ತಲದಾಗ ಹೂವಿನ ಗಿಡಾ ಹಚ್ಚ್ಯಾರ. ಅಲ್ಲೇ ನಮ್ಮ ರವೀಂದ್ರನಾಥ ಟಾಗೋರರ ಮೂರ್ತಿ ಅದ. ಮನಿಮಂದಿ ಕಂಡಂಗಾತು, ಕೂಸಿನ್ನ ಎತ್ತಿ ತೋರಿಸಿದೆ. ಅಲ್ಲೇ ಬೆಂಚಿನ ಮ್ಯಾಲೆ ಕೂತು ಲೆಕ್ಕಾ ಹಾಕಿದೆ. ಈ ಮನಿ ಉಳದದ್ದು ಕವಿಯ ಹೆಸರಿನಿಂದ ಅಂತ ಎಲ್ಲಾರೂ ಅಂತಾರ, ಅದು ಕಡೀ ನೂರೆಪ್ಪತ್ತು ವರ್ಷದ ಮಾತು. ಅದರ ಮೊದಲಿನ ಇನ್ನೂರು ಚಿಲ್ಲರ ವರ್ಷ ಅದನ್ನ ಉಳಿಸಿದ್ದು ಯಾರು? ಬಾಡಿಗಿ ಹಿಡದ ಇನ್ನಿನವಾ, ಕಸಾಯಿಯವಾ, ಮತ್ತ ಹೋಗಲಿಕ್ಕೆ ಬ್ಯಾರೆ ಜಾಗಾ ಇಲ್ಲದ ಒಬ್ಬ ರಂಡಮುಂಡಿ ತಂಗಿ, ಆಕಿ ಮಕ್ಕಳು. ಒಲಿ ಹೊತ್ತತಿತ್ತು, ಹೊಗಿ ಏರತಿತ್ತು, ಸೋರಿದ್ರ ಯಾರೋ ನೋಡತಿದ್ರು.

ನಮ್ಮ ಮನೀನೂ ಹಂಗ ಅಲ್ಲೇನು? ಮುತ್ತಜ್ಜನ ಕಾಲಕ್ಕ ಪಡಸಾಲಿಯೊಳಗ ಹುಡುಗೂರಿಗೆ ಅಂಕಲಿಪಿ ಕಲಸತಿದ್ರು. ಅಜ್ಜನ ಕಾಲಕ್ಕ ಅದ ಪಡಸಾಲಿ ಕಾಳಿನ ಚೀಲಾ ಒಟ್ಟೂ ಜಾಗಾ. ಅಪ್ಪನ ಕಾಲಕ್ಕ ಮುಂದಿನ ಕೋಣಿ ಒಬ್ಬ ಸಿಂಪಿಗ್ಯಾಗ ಬಾಡಿಗಿ, ಅಟ್ಟ ಕಾಲೇಜು ಹುಡುಗೂರಿಗೆ. ಮಷೀನಿನ ಸಪ್ಪಳದಾಗನ ನಾ ಮ್ಯಾಕ್‌ಬೆತ್ ಓದಿದ್ದು. ಈಗ ಅತ್ಯಾ ದಿನಾ ಹೊಸ್ತಿಲಾ ತೊಳದು ರಂಗೋಲಿ ಹಾಕತಾಳ, ಬೆಳಕಿಂಡಿ ಮುಚ್ಚಿ ತಗೀತಾಳ, ಗೆದ್ದಲಿ ಕಂಡ್ರ ಎಣ್ಣಿ ಬಿಡತಾಳ. ನಾವು "ಅತ್ಯಾಗ ಇರಲಿಕ್ಕೆ ಜಾಗಾ ಕೊಟ್ಟೇವಿ" ಅಂತಿದ್ವಿ. ಆಕಿ ಮನಿಗೆ ಜೀವಾ ಕೊಟ್ಟಾಳ ಅನ್ನೂದು ತಲಿಗೆ ಹೊಳದಿರಲಿಲ್ಲ.

ರಾತ್ರಿ ತಮ್ಮಗ ಫೋನು ಹಚ್ಚಿದೆ. "ಸಹಿ ಮಾಡ್ತೀನಿ, ಆದ್ರ ಅತ್ಯಾ ಇರೂ ತನಕಾ ಆಕಿ ಎರಡು ಕೋಣಿ ಆಕೀದು ಅಂತ ಕಾಗದದಾಗ ಬರಸು. ವರ್ಷಕ್ಕ ಒಂದು ರೂಪಾಯಿ ಬಾಡಿಗಿ ಅಂತನೂ ಬರಸು" ಅಂದೆ. "ಹಂಗ ಬರದ್ರ ಯಾವ ಗಿರಾಕಿ ತೊಗೊಳ್ತಾನ ಅಕ್ಕಾ?" ಅಂದ. "ಹಂಗಿದ್ರ ಸದ್ಯ ಬ್ಯಾಡ. ಮುಂದಿನ ಕೋಣಿ ಮತ್ತ ಬಾಡಿಗಿಗೆ ಕೊಡೂಣು, ಅದರಾಗ ರಿಪೇರಿ ಆಗ್ತದ" ಅಂದೆ. ಅವಾ ಭಾಳ ಹೊತ್ತು ಸುಮ್ಮನಿದ್ದ. "ಶೇಕ್ಸ್‌ಪಿಯರನ ಮನಿ ನೋಡಲಿಕ್ಕೆ ಹೋಗಿ ನಮ್ಮ ಸೌದಾ ಕೆಡಿಸಿದಿ ನೋಡು" ಅಂದ. ಅರ್ಧಾ ಸಿಟ್ಟು, ಅರ್ಧಾ ನಗಿ. "ಅಪ್ಪ ಹೇಳಿದಾಗ ನೀನೂ ಇದ್ದಿ" ಅಂದೆ. "ಹೂಂ, ಇದ್ದೆ" ಅಂದ. ಅಷ್ಟ.

ಮೂರು ದಿನದ ಮ್ಯಾಲೆ ಅತ್ಯಾನ ಮಾತಾಡಿದಳು. ಯಾರು ಏನು ಹೇಳಿದ್ರೋ, ಆಕಿಗೆಲ್ಲಾ ಗೊತ್ತಾಗಿತ್ತು. ಅಳಲಿಲ್ಲ, ಉಪಕಾರ ಅನ್ನಲಿಲ್ಲ. ಕೂಸಿಗೆ ಎಷ್ಟು ಸಲ ಎರೀತೀರಿ ಅಂತ ಕೇಳಿದಳು, ಓಮಿನ ಕಾಳಿನ ನೀರು ಕುಡಸ್ರಿ ಅಂದಳು. ಕಡೀಕ, "ನನ್ನ ಸಲವಾಗಿ ಅಕ್ಕ ತಮ್ಮ ಜಗಳಾ ಆಡಬ್ಯಾಡ್ರಿ. ಆದ್ರ ಮಳಿ ಹತ್ತೂದರಾಗ ಮ್ಯಾಳಗಿಗೆ ಒಂದು ಬಂಡಿ ಮಣ್ಣು ಹಾಕಸ್ರಿ, ದೇವರಮನಿ ಮ್ಯಾಲೆ ಸೋರಲಿಕತ್ತದ" ಅಂದಳು.

ಮಣ್ಣಿನ ರೊಕ್ಕಾ ನಾ ನಿನ್ನೆ ಕಳಿಸೀನಿ. ತಮ್ಮ ಕಳಿಸಿದ ಕಾಗದಾ ಇನ್ನೂ ಸಹಿ ಇಲ್ಲದ ಮಗಳ ಮೇಜಿನ ಮ್ಯಾಲೆ ಅದ.